ದೀಪ ಆರಿಸಿ ಕೂತವರ ಪಾಲು

ಹಿರೇಕೆರೂರು ಸಮೀಪದ ನಮ್ಮ ಹಳ್ಳಿ ಮನೆಯಲ್ಲಿ ಅವ್ವನಿಗೆ ಬೇಕಾದದ್ದು ಮೂರು ಬಲ್ಬು, ಒಂದು ಫ್ಯಾನು, ಸಂಜೆ ಒಂದಿಷ್ಟು ಹೊತ್ತು ಟಿ.ವಿ. 2023ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ ಮೊದಲ ಬಿಲ್ಲು ಬಂತು. ಗರಿಷ್ಠ ಮಿತಿ 200 ಯೂನಿಟ್ ನಿಜ. ಆದರೆ ಒಂದೊಂದು ಮನೆಗೂ ಸಿಗುತ್ತಿದ್ದದ್ದು ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ಶೇ 10. ಅವ್ವನ ಸರಾಸರಿ 28. ಹೆಚ್ಚಿಗೆ ಸಿಕ್ಕಿದ್ದು ಮೂರು ಯೂನಿಟ್ಟೂ ತುಂಬದಷ್ಟು. ಬೆಂಗಳೂರಿನಲ್ಲಿರುವ ತಮ್ಮನ ಮನೆಯ ಸರಾಸರಿ 150, ಅವನಿಗೆ ಹೆಚ್ಚುವರಿ 15.

‘ದೀಪ ಆರಿಸಿ ಕುಂತಿದ್ದ ತಪ್ಪಾತೇನಪಾ?’ ಅವ್ವ ಕೇಳಿದಳು.

2024ರ ಜನವರಿಯಲ್ಲಿ ಸರ್ಕಾರವೇ ಆ ಲೆಕ್ಕ ತಿದ್ದಿತು. 48 ಯೂನಿಟ್‌ಗಿಂತ ಕಡಿಮೆ ಬಳಸುವವರಿಗೆ ಶೇ 10ರ ಬದಲು ನೇರ 10 ಯೂನಿಟ್. ಒಳ್ಳೆಯ ಕೆಲಸ. ಇಂಗಾಲದ ಲೆಕ್ಕದಲ್ಲಿ ಮಾತ್ರ, ಹಿಂದೆ ಹೆಚ್ಚು ಬಳಸಿದವರಿಗೇ ಹೆಚ್ಚು ಕೊಡುವ ಅದೇ ತಪ್ಪು ಇನ್ನೂ ಉಳಿದಿದೆ.

ಇಂಗಾಲ ಕ್ರೆಡಿಟ್ ವಹಿವಾಟಿನ ಯೋಜನೆ ದೇಶಕ್ಕೆ ಬಂದದ್ದು 2023ರಲ್ಲಿ. ಸಿಮೆಂಟ್‌ನಂಥ ಉದ್ಯಮಗಳಿಗೆ ಅವುಗಳದೇ 2023–24ರ ಹೊಗೆಯ ಪ್ರಮಾಣವನ್ನು ಆಧಾರವಾಗಿಟ್ಟು ಗುರಿ ಕೊಟ್ಟಿದ್ದಾರೆ. ಗುರಿಗಿಂತ ಇಳಿಸಿದವರಿಗೆ ಮಾರಿಕೊಳ್ಳಲು ಕ್ರೆಡಿಟ್. ಸೇಡಂ, ವಾಡಿ ಕಡೆಯ ಸಿಮೆಂಟ್ ಕಾರ್ಖಾನೆಗಳು ಹೊಗೆ ಇಳಿಸಲಿ, ಅದಕ್ಕೆ ಲಾಭವೂ ಬರಲಿ. ಆದರೆ ನಮ್ಮ ಹೊಲದ ಬದುವಿನಲ್ಲಿ ಅಜ್ಜ ನೆಟ್ಟ ಹುಣಸೆ ಇದೆ, ತಾನೇ ಎದ್ದ ಬೇವುಗಳಿವೆ. ಕಡಿದರೆ ಎರಡು ಸಾಲು ಗೋವಿನಜೋಳ ಹೆಚ್ಚು ಬರುತ್ತಿತ್ತು, ಅಪ್ಪ ಕಡಿಯಲಿಲ್ಲ. ಹೇಗೂ ಇರುತ್ತಿದ್ದ ಮರಕ್ಕೆ ಇಂಗಾಲದ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ. ಕಡಿದುಹೋಗುವ ಭಯವಿದ್ದ ಕಾಡನ್ನು ಉಳಿಸಿದರೆ ಕ್ರೆಡಿಟ್ ಸಿಗುತ್ತದೆ, ಕೊಡಲಿ ಎತ್ತದವನಿಗೆ ಸಿಗುವುದಿಲ್ಲ. ಇದು ಅನ್ಯಾಯ.

ನಾವೂ ಪೂರಾ ಶುದ್ಧರಲ್ಲ. ಗೋವಿನಜೋಳಕ್ಕೆ ಸುರಿಯುವ ಯೂರಿಯಾದಿಂದ ನೈಟ್ರಸ್ ಆಕ್ಸೈಡ್ ಏಳುತ್ತದೆ. ತೂಕಕ್ಕೆ ತೂಕ ಇಟ್ಟರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಹಿಡಿಯುತ್ತದೆ. 10 ಎಚ್‌.ಪಿ.ವರೆಗಿನ ನಮ್ಮ ಪಂಪ್‌ಸೆಟ್‌ಗಳಿಗೆ ಕರೆಂಟು ಪುಕ್ಕಟೆ, ಅದರಲ್ಲೊಂದು ಪಾಲು ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನದು. ಇದನ್ನೂ ಎಣಿಸಲಿ. ತಲೆಗೆ ಎಷ್ಟು ಎಂದು ಎಣಿಸಲಿ, ಹಿಂದೆ ಎಷ್ಟು ಸುಟ್ಟಿರಿ ಎಂದಲ್ಲ.

ದಾರಿ ಇಲ್ಲದಿಲ್ಲ. 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ತೆರಿಗೆ ಪಾಲು ಹಂಚುವಾಗ ಅರಣ್ಯ ಮತ್ತು ಪರಿಸರಕ್ಕೆ ಶೇ 10 ತೂಕ ಕೊಟ್ಟಿತು. ನಿಂತ ಕಾಡಿಗೇ ಹಣ. ಹೊಸದಾಗಿ ನೆಟ್ಟಿರಾ ಎಂದು ಕೇಳಲಿಲ್ಲ. ಆದರೆ ಅಲ್ಲಿ ಲೆಕ್ಕಕ್ಕೆ ಬಂದದ್ದು ದಟ್ಟ ಕಾಡು ಮಾತ್ರ. ಹಿರೇಕೆರೂರಿನಂಥ ತಾಲ್ಲೂಕಿನ ಬದುವಿನ ಮರ ಅದರೊಳಗೆ ಸೇರಲಿಲ್ಲ.

ಗ್ರಾಮ ಪಂಚಾಯಿತಿಗಳಿಗೆ ಅನುದಾನ ಹಂಚುವಾಗ ರಾಜ್ಯ ಸರ್ಕಾರ ಬದುವಿನ ಮರಗಳನ್ನು ಎಣಿಸಲಿ, ತಲಾ ಹೊಗೆ ಕಡಿಮೆ ಇರುವ ಊರಿಗೆ ಹೆಚ್ಚು ಕೊಡಲಿ. ಎಣಿಸಲು ಬಂದವರಿಗೆ ನಮ್ಮ ಹುಣಸೆ, ಬೇವುಗಳನ್ನು ನಾನೇ ಕರೆದೊಯ್ದು ತೋರಿಸುತ್ತೇನೆ.