ಗಣಿತದ ತರಗತಿಯಲ್ಲಿ ವಾದಕ್ಕೆ ಎಡೆಯಿರಲಿ

ಗಣಿತವು ವಾದಕ್ಕೆ ಅವಕಾಶವಿಲ್ಲದ ಶಾಸ್ತ್ರವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಉಪಾಧ್ಯಾಯರು ಹಲಗೆಯ ಮೇಲೆ ಬರೆಯುವರು. ವಿದ್ಯಾರ್ಥಿಗಳು ಮೌನವಾಗಿ ಬರೆದುಕೊಳ್ಳುವರು. ಸೊನ್ನೆಯಿಂದ ಏಕೆ ಭಾಗಿಸಬಾರದೆಂದು ನಾನು ಬಾಲ್ಯದಲ್ಲಿ ಕೇಳಿದಾಗ, "ಬಾರದೆಂದರೆ ಬಾರದು, ಕುಳಿತುಕೋ" ಎಂಬ ಉತ್ತರ ದೊರೆಯಿತು. ಅನಂತರ ಬಹುಕಾಲ ನಾನು ಗಣಿತದ ತರಗತಿಯಲ್ಲಿ ಬಾಯಿ ತೆರೆಯಲಿಲ್ಲ.

ಆದರೆ ಇದೇ ಪ್ರಶ್ನೆ ಹಿಂದೆ ಮಹಾಪಂಡಿತರನ್ನೂ ಕಾಡಿತ್ತು. ನಮ್ಮ ಕುಸನೂರ ಕಲಬುರಗಿಯ ಮಗ್ಗುಲಲ್ಲಿದೆ. ಇಲ್ಲಿಂದ ಸೇಡಮಿನ ದಾರಿಯಲ್ಲಿ ಸುಮಾರು 40 ಕಿಲೋಮೀಟರು ಸಾಗಿದರೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ಸಿಕ್ಕುತ್ತದೆ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ವನ್ನು ರಚಿಸಿದನು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಉಳಿಯುವುದೆಂದು ಅವನ ಮತ. 12ನೆಯ ಶತಮಾನದ ಭಾಸ್ಕರಾಚಾರ್ಯನು ಅದು ಅನಂತರಾಶಿಯೆಂದನು. ಇಂದಿನ ಅಂಕಗಣಿತವು ಎರಡನ್ನೂ ಒಪ್ಪುವುದಿಲ್ಲ.

ಈ ಇತಿಹಾಸವನ್ನು ತಿಳಿಸದೆಯೇ ನಾನೊಮ್ಮೆ, 12ನ್ನು ಸೊನ್ನೆಯಿಂದ ಭಾಗಿಸಿದರೆ ಏನಾಗುವುದೆಂದು ತರಗತಿಯಲ್ಲಿ ಕೇಳಿದೆನು. "ಹನ್ನೆರಡು ರೊಟ್ಟಿಗಳಿವೆ, ಹಂಚಿಕೊಳ್ಳಲು ಯಾರೂ ಇಲ್ಲ, ಬುಟ್ಟಿಯಲ್ಲಿ ಹನ್ನೆರಡೂ ಉಳಿಯುವುವು" ಎಂದನೊಬ್ಬ. ತಿಳಿಯದೆಯೇ ಅವನು ಮಹಾವೀರನ ಪಕ್ಷ ಹಿಡಿದಿದ್ದನು. "0.1ರಿಂದ ಭಾಗಿಸಿದರೆ 120, 0.01ರಿಂದ ಭಾಗಿಸಿದರೆ 1200; ಆದ್ದರಿಂದ ಅನಂತ" ಎಂದನು ಇನ್ನೊಬ್ಬ. "ಭಾಜಕವು ಋಣಸಂಖ್ಯೆಯಾಗಿ ಸೊನ್ನೆಯನ್ನು ಸಮೀಪಿಸಿದರೆ −120, −1200 ಬರುವುದಲ್ಲ! ಯಾವ ಅನಂತವನ್ನು ಆರಿಸುವಿರಿ?" ಎಂದು ಒಬ್ಬಳು ತಡೆದಳು. ಕೊನೆಗೆ ರೊಟ್ಟಿಯ ಹುಡುಗನೇ ಎದ್ದು, "ಭಾಗಲಬ್ಧ 12 ಆದರೆ, ಅದನ್ನು ಸೊನ್ನೆಯಿಂದ ಗುಣಿಸಿದಾಗ ಮತ್ತೆ 12 ಬರಬೇಕು, ಬರುವುದಿಲ್ಲ. ಯಾವ ಸಂಖ್ಯೆಯಿಂದಲೂ ಬರುವುದಿಲ್ಲ" ಎಂದನು. ತೀರ್ಪು ಕೊಡುವ ಕೆಲಸ ನನಗೆ ಉಳಿಯಲಿಲ್ಲ.

ಹೀಗೆ ವಾದಿಸುತ್ತ ಕುಳಿತರೆ ಪಾಠ ಮುಗಿಯುವುದೆಂತು ಎಂದು ಕೆಲವರು ಆಕ್ಷೇಪಿಸಬಹುದು. ಆಕ್ಷೇಪ ನಿರಾಧಾರವಲ್ಲ; ದಿನವೂ ಚರ್ಚೆ ನಡೆಸಲು ಸಾಧ್ಯವಿಲ್ಲ. ಆದರೆ ಆ ದಿನ ಹಿಡಿದದ್ದು ಕಾಲು ಗಂಟೆ ಮಾತ್ರ. 'ಬಾರದು' ಎಂಬುದನ್ನಷ್ಟೇ ಕಂಠಪಾಠ ಮಾಡಿದವನು, ಕ್ಷದ ವರ್ಗವು ಕ್ಷಕ್ಕೆ ಸಮವೆಂಬ ಸಮೀಕರಣವನ್ನು ಕಂಡೊಡನೆ ಎರಡು ಕಡೆಯನ್ನೂ ಕ್ಷದಿಂದ ಭಾಗಿಸಿ, ಉತ್ತರ 1 ಎಂದು ಬರೆದು, ಸೊನ್ನೆಯೆಂಬ ಇನ್ನೊಂದು ಉತ್ತರವನ್ನು ಕಳೆದುಕೊಳ್ಳುವನು. ಕಾರಣವನ್ನು ವಾದಿಸಿ ಅರಿತವನು ಅಲ್ಲಿ ಒಂದು ಕ್ಷಣ ನಿಲ್ಲುವನು.

ವಾದವೆಂದರೆ ಗದ್ದಲವಲ್ಲ. ಹೇಳಿದ ಮಾತಿಗೆ ಕಾರಣ ಕೊಡಬೇಕು; ಕಾರಣ ಬಿದ್ದುಹೋದರೆ ಮಾತನ್ನು ಬಿಡಬೇಕು. ಅಲ್ಲಿ ಉಪಾಧ್ಯಾಯನ ಪದವಿಗಾಗಲಿ ಜಾಣ ವಿದ್ಯಾರ್ಥಿಯ ಹೆಸರಿಗಾಗಲಿ ಬೆಲೆಯಿಲ್ಲ.

ವಿದ್ಯಾರ್ಥಿಮಿತ್ರರೇ, ಮಹಾವೀರನಂಥವನೇ ಎಡವಿದ ಸ್ಥಳದಲ್ಲಿ ತಪ್ಪು ಉತ್ತರ ಹೇಳಲು ನೀವೇಕೆ ನಾಚಬೇಕು? ಸೊನ್ನೆಯನ್ನು ಸೊನ್ನೆಯಿಂದಲೇ ಭಾಗಿಸಿದರೆ ಏನಾಗುವುದೆಂದು ನಾಳೆ ನಿಮ್ಮ ತರಗತಿಯಲ್ಲಿ ಕೇಳಿ ನೋಡಿರಿ. ಅಲ್ಲಿನ ತೊಡಕು ಬೇರೆ ಬಗೆಯದು.