ಸಾಲ ಮಾಡಿದ್ದು ಯಾಕೆ ಅಂತಲೂ ಕೇಳಲಿ

ಸಿಜಿಪಿಎ ಎಷ್ಟು, ಬ್ಯಾಕ್‌ಲಾಗ್ ಇದೆಯಾ? ಪ್ಲೇಸ್‌ಮೆಂಟ್ ಹತ್ತಿರ ಬಂದಾಗ ನಾವು ಒಬ್ಬರನ್ನೊಬ್ಬರು ಕೇಳಿಕೊಳ್ಳೋದು ಇಷ್ಟೇ. ಸಾಲ ಎಷ್ಟಿದೆ ಅಂತ ಯಾರೂ ಕೇಳಲ್ಲ. ಆದರೆ ಅದನ್ನೂ ಕೇಳಿಯೇ ಒಳಗೆ ಬಿಡುವ ಕೆಲಸಗಳಿವೆ.

ಅಮೆರಿಕದಲ್ಲಿ ಸರ್ಕಾರದ ಗುಪ್ತ ಮಾಹಿತಿ ಮುಟ್ಟಬೇಕಾದವರಿಗೆ ‘ಸೆಕ್ಯುರಿಟಿ ಕ್ಲಿಯರೆನ್ಸ್’ ಬೇಕು. ರಕ್ಷಣಾ ಕಂಪನಿಯಲ್ಲಿ ಕೋಡ್ ಬರೆಯುವ ಎಂಜಿನಿಯರಿಗೂ ಬೇಕಾಗಬಹುದು. ಅದಕ್ಕಾಗಿ ತುಂಬುವ ಎಸ್‌ಎಫ್-86 ಎಂಬ ಉದ್ದನೆಯ ಫಾರಂನಲ್ಲಿ, ಕಳೆದ 7 ವರ್ಷಗಳಲ್ಲಿ ಯಾವುದಾದರೂ ಸಾಲ 120 ದಿನಕ್ಕಿಂತ ಹೆಚ್ಚು ಬಾಕಿ ಬಿದ್ದಿತ್ತಾ ಅನ್ನೋ ಪ್ರಶ್ನೆ ಇದೆ. ಅರ್ಹತೆ ಅಳೆಯುವ 13 ಮಾನದಂಡಗಳಲ್ಲಿ ‘ಎಫ್’ ಅನ್ನೋದು ಪೂರ್ತಿ ಹಣಕಾಸಿನದೇ.

ಈ ಭಯ ಸುಮ್ಮನೆ ಬಂದಿದ್ದಲ್ಲ. ಅಮೆರಿಕದ ನೌಕಾಪಡೆಯ ಜಾನ್ ವಾಕರ್ ಇಟ್ಟ ಬಾರ್ ನಷ್ಟಕ್ಕೆ ಬಿತ್ತು, ಸಾಲ ಏರಿತು. 1960ರ ದಶಕದ ಕೊನೆಯಲ್ಲಿ ಅವನು ವಾಷಿಂಗ್ಟನ್‌ನ ಸೋವಿಯತ್ ರಾಯಭಾರ ಕಚೇರಿಗೆ ತಾನೇ ಹೋಗಿ ಗುಟ್ಟು ಮಾರಿದ. ಸಿಕ್ಕಿಬಿದ್ದಿದ್ದು 1985ರಲ್ಲಿ. ಅದೇ ವರ್ಷ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ ವಿಚ್ಛೇದನ ಮತ್ತು ಸಾಲದ ಒತ್ತಡದಲ್ಲಿ 50,000 ಡಾಲರ್‌ಗೆ ಅದೇ ದಾರಿ ಹಿಡಿದ. ಆಮೇಲೆ ಜಾಗ್ವಾರ್ ಕಾರಲ್ಲಿ ಆಫೀಸಿಗೆ ಬರ್ತಿದ್ದ. ಹೆಂಡತಿ ಕಡೆಯ ಆಸ್ತಿ ಅಂದ, ನಂಬಿದರು! ಅವನ ಬಂಧನವಾಗಿದ್ದು 1994ರಲ್ಲಿ.

ಇಷ್ಟೆಲ್ಲ ಅನುಭವಿಸಿದ ಮೇಲೂ ಆ ದೇಶದ ನಿಯಮ ಸಾಲಗಾರನನ್ನು ನೇರವಾಗಿ ಬಾಗಿಲಿಂದಾಚೆ ತಳ್ಳಲ್ಲ. ನಮಗೆ ಮುಖ್ಯ ಅನಿಸಿದ್ದು ಇದು. ಕೆಲಸ ಹೋಯಿತಾ, ಮನೆಯಲ್ಲಿ ಕಾಯಿಲೆ ಬಂತಾ, ವಿಚ್ಛೇದನವಾಯಿತಾ, ಆಮೇಲೆ ಜವಾಬ್ದಾರಿಯಿಂದ ನಡೆದುಕೊಂಡೆಯಾ ಅಂತ ವಿಚಾರಿಸುತ್ತಾರೆ. ಸಾಲ ಇನ್ನೂ ತೀರದಿದ್ದರೂ ಪ್ರಾಮಾಣಿಕವಾಗಿ ಕಂತು ಕಟ್ಟುತ್ತಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಬೇಕಂತಲೇ ಮುಚ್ಚಿಟ್ಟರೆ ಮಾತ್ರ ಕಷ್ಟ. ಸುಳ್ಳು ಉತ್ತರ ಇನ್ನೊಂದು ಮಾನದಂಡದ ಕೆಳಗೆ ಬೇರೆಯದೇ ತಪ್ಪು.

ಅಮೆರಿಕದ ಪೌರರಲ್ಲದವರಿಗೆ ಈ ಕ್ಲಿಯರೆನ್ಸ್ ಸಿಗೋದೇ ಇಲ್ಲ, ಹಾಗಾದರೆ ನಮಗೇನು ಅಂತೀರಾ? ಇಲ್ಲೂ ಇದರ ದಾಯಾದಿಗಳಿವೆ. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳಲ್ಲಿ 17ನೆಯದು, ಚಾಳಿ ಬಿದ್ದು ಸಾಲ ಮಾಡಬಾರದು, ದಿವಾಳಿಯಾಗಬಾರದು ಅನ್ನುತ್ತದೆ. ಸಾಲ ವಸೂಲಿಗೆ ಕೋರ್ಟ್ ಕೇಸ್ ಬಿದ್ದರೆ ಸರ್ಕಾರಕ್ಕೆ ತಿಳಿಸಬೇಕು. ನಮ್ಮಲ್ಲಿ ಅರ್ಧ ಜನ ಕನಸು ಕಾಣುವ ಡಿಆರ್‌ಡಿಒ ವಿಜ್ಞಾನಿಯೂ ಕೇಂದ್ರ ಸರ್ಕಾರಿ ನೌಕರರೇ. ಆದರೆ ಆ ಹಳೇ ನಿಯಮದಲ್ಲೂ, ಮುಂಚೆ ಊಹಿಸಲಾಗದ ಸಂದರ್ಭದಿಂದ ಹೀಗಾಯಿತು ಅಂತ ನೌಕರ ತೋರಿಸಿಕೊಡೋಕೆ ಜಾಗ ಇದೆ.

ಬ್ಯಾಂಕ್ ನೌಕರಿಯ ಕಥೆ ಬೇರೆ. ಸಾಲ ಅಥವಾ ಕ್ರೆಡಿಟ್ ಕಾರ್ಡ್ ಬಾಕಿ ಉಳಿಸಿಕೊಂಡ ದಾಖಲೆ ಇದ್ದರೆ, ಸಿಬಿಲ್ ವರದಿ ಕೆಟ್ಟದಾಗಿದ್ದರೆ ನೇಮಕಕ್ಕೆ ಅರ್ಹರಲ್ಲ ಅಂತ ಎಸ್‌ಬಿಐ ತನ್ನ ಅಧಿಸೂಚನೆಯಲ್ಲೇ ಹಾಕಿತ್ತು. ಆಯ್ಕೆಯಾಗಿದ್ದ ಅಭ್ಯರ್ಥಿಯೊಬ್ಬರ ನೇಮಕ ಇದರಿಂದ ರದ್ದಾಯಿತು. ಸಾಲ ತೀರಿಸಿದ್ದೇನೆ ಅಂತ ವಾದಿಸಿದರೂ, 2025ರಲ್ಲಿ ಮದ್ರಾಸ್ ಹೈಕೋರ್ಟ್ ಬ್ಯಾಂಕ್ ಪರವಾಗಿ ತೀರ್ಪು ಕೊಟ್ಟಿತು. ಜನರ ದುಡ್ಡು ನೋಡಿಕೊಳ್ಳುವವರಿಗೆ ಹಣದ ಶಿಸ್ತು ಬೇಕು ಅನ್ನೋದು ಒಪ್ಪತಕ್ಕ ಮಾತೇ. ಆದರೆ ಐಪಿಎಲ್ ಬೆಟ್ಟಿಂಗಿಗೆ ಲೋನ್ ಆ್ಯಪ್ ಒತ್ತಿದವನೂ ಅಪ್ಪನ ಡಯಾಲಿಸಿಸ್‌ಗೆ ಕಾರ್ಡ್ ಉಜ್ಜಿದವಳೂ ಒಂದೇ ಸಾಲಿನಲ್ಲಿ ನಿಲ್ಲೋದು ಶಿಸ್ತಲ್ಲ, ಸೋಮಾರಿತನ. ದೇಶದ ಗುಟ್ಟು ಕಾಯೋ ಕೆಲಸಕ್ಕೇ ಕಾರಣ ಕೇಳುವ ವ್ಯವಧಾನ ಇದೆ, ಕೌಂಟರ್ ಹಿಂದಿನ ಕುರ್ಚಿಗೆ ಇಲ್ಲವೆ?

ನಿಯಮ ಬದಲಾಗೋ ತನಕ ನಮ್ಮ ಕ್ಯಾಂಪಸ್ಸಿನ ವಿಷಯ. ಎಜುಕೇಶನ್ ಲೋನ್ ಕಟ್ಟೋದು ಅಪ್ಪ ಅಂದುಕೊಂಡಿದ್ದೇವೆ, ಆದರೆ ಸಾಲಗಾರರ ಪಟ್ಟಿಯಲ್ಲಿ ನಮ್ಮ ಹೆಸರೂ ಇದೆ. ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತಿನ ರಜೆ; ಬಡ್ಡಿಗೆ ರಜೆ ಇಲ್ಲ. ಆಮೇಲೆ ಊರಲ್ಲಿ ಅಡಿಕೆ ಕೈಕೊಟ್ಟು ಅಪ್ಪ ಎರಡು ಕಂತು ತಪ್ಪಿಸಿ, ಮಗನಿಗ್ಯಾಕೆ ಚಿಂತೆ ಅಂತ ಸುಮ್ಮನಿದ್ದರೆ, ದಾಖಲೆಯಲ್ಲಿ ಮಗನೂ ತಪ್ಪಿಸಿದ ಹಾಗೇ. ‘ಮಗಾ, ನಿನ್ನ ಪ್ಯಾನ್ ಕೊಡೋ, ಮುಂದಿನ ತಿಂಗಳು ಕಟ್ತೀನಿ’ ಅನ್ನೋ ರೂಮ್‌ಮೇಟ್‌ನ ಫೋನ್ ಕೂಡ ಹಾಗೇ ನಮ್ಮ ಹೆಸರಿಗೆ ಬಂದು ಕೂರುತ್ತೆ.

ಸಿಬಿಲ್ ಸೇರಿ ನಾಲ್ಕು ಕಂಪನಿಗಳು ಈ ದಾಖಲೆ ಇಡುತ್ತವೆ. ಪ್ರತಿಯೊಂದೂ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಕೊಡಬೇಕು, ತಪ್ಪಿದ್ದರೆ ತಿದ್ದಿಸಲೂಬಹುದು. ನಮ್ಮ ಪ್ಲೇಸ್‌ಮೆಂಟ್ ಸೆಲ್ ರೆಸ್ಯೂಮೆಗೆ ಎರಡು ದಿನದ ವರ್ಕ್‌ಶಾಪ್ ಮಾಡುತ್ತದೆ. ಅದರಲ್ಲಿ ಒಂದು ಗಂಟೆ ಇದಕ್ಕೆ ಬಿಡಲಿ. ಆರನೇ ಸೆಮಿಸ್ಟರ್‌ನಲ್ಲೇ, ಕಂಪನಿಗಳು ಬರೋಕೆ ಮುಂಚೆ.