ಪಂಚಾಯ್ತಿಗೆ ಫೈಬರ್ ಬಂತು, ಬೆಂಗಳೂರಿಗೆ ದಾರಿ ಎಲ್ಲಿ?



ಭಾರತ್‌ನೆಟ್ ಸುದ್ದಿಯಾದಾಗಲೆಲ್ಲ ನಮ್ಮ ಮುಂದೆ ಇಡುವುದು ಒಂದೇ ಲೆಕ್ಕ: ಇಷ್ಟು ಗ್ರಾಮ ಪಂಚಾಯ್ತಿಗಳಿಗೆ ಫೈಬರ್ ಮುಟ್ಟಿತು, ಇನ್ನಿಷ್ಟು ಬಾಕಿ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ಇದು; ಆಗಿನ ಹೆಸರು ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ. ಎರಡೂವರೆ ಲಕ್ಷ ಪಂಚಾಯ್ತಿಗಳ ಪೈಕಿ ಮೊದಲ ಒಂದು ಲಕ್ಷ ಮುಗಿಯುವಾಗ 2017ರ ಡಿಸೆಂಬರ್ ಆಗಿತ್ತು. 2023ರ ಆಗಸ್ಟ್‌ನಲ್ಲಿ ತಿದ್ದುಪಡಿ ಯೋಜನೆಗೆ 1,39,579 ಕೋಟಿ ರೂಪಾಯಿ ಮಂಜೂರಾಯಿತು, ಹೊಣೆ ಬಿಎಸ್‌ಎನ್‌ಎಲ್ ಹೆಗಲಿಗೆ ಬಂತು, ಐದು ವರ್ಷದಲ್ಲಿ ಒಂದೂವರೆ ಕೋಟಿ ಮನೆಗಳಿಗೆ ಸಂಪರ್ಕ ಎಂಬ ಗುರಿಯೂ ಸೇರಿಕೊಂಡಿತು. ಹಣದ ಮೊತ್ತದ ಬಗ್ಗೆ ನನ್ನ ತಕರಾರಿಲ್ಲ. ಮನೆಗೆ ಎಳೆದ ತಂತಿಗಳನ್ನು ಎಣಿಸುತ್ತ ಕೂತವರು ಆ ತಂತಿಯ ಇನ್ನೊಂದು ತುದಿ ಎಲ್ಲಿಗೆ ಹೋಗುತ್ತದೆ ಎಂದು ಕೇಳುತ್ತಿಲ್ಲವಲ್ಲ ಎಂಬುದೇ ನನ್ನ ಆಕ್ಷೇಪ. ಹಳ್ಳಿಗಳಲ್ಲಿ ನೆಟ್ ಕೊಡುವ ಸಣ್ಣ ಸಂಸ್ಥೆಗಳು ಸೊರಗುವುದು ಆ ತುದಿಯಲ್ಲಿ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಊರೊಳಗೆ ಕಂಬದಿಂದ ಕಂಬಕ್ಕೆ ಫೈಬರ್ ಎಳೆದು ಮನೆಯಲ್ಲಿ ಪೆಟ್ಟಿಗೆ ಕೂರಿಸುವ ಕೆಲಸ ಕೇಬಲ್ ಟಿ.ವಿ. ನಡೆಸಿ ಬಂದವರಿಗೆ ಹೊಸದೇನಲ್ಲ. ಯಾವ ತೋಟದ ಬೇಲಿ ದಾಟಲು ಯಾರನ್ನು ಕೇಳಬೇಕು, ಯಾವ ಮನೆಯವರು ಅಡಕೆ ಮಾರಿದ ಮೇಲೆ ಬಾಕಿ ತೀರಿಸುತ್ತಾರೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಆ ಕಡೆ ಬೆಂಗಳೂರಿನಲ್ಲಿ ಬ್ಯಾಂಡ್‌ವಿಡ್ತ್ ಕೊಳ್ಳುವುದೂ ಈಗ ಅಂಥ ದೊಡ್ಡ ಖರ್ಚಲ್ಲ. 2003ರಲ್ಲಿ ಹುಟ್ಟಿದ ನಿಕ್ಸಿ ಸಂಸ್ಥೆಯ ಇಂಟರ್ನೆಟ್ ವಿನಿಮಯ ಕೇಂದ್ರ ಅಲ್ಲಿದೆ, ಖಾಸಗಿ ವಿನಿಮಯ ಕೇಂದ್ರಗಳೂ ಇವೆ, ಜನ ನೋಡುವ ವಿಡಿಯೊಗಳ ಬಹುಪಾಲು ಅಲ್ಲೇ ಸಿಗುತ್ತದೆ. ಉಳಿದದ್ದು ನಡುವಿನ ದಾರಿ: ಸಾಗರ, ಹೊಸನಗರದಂಥ ತಾಲ್ಲೂಕು ಕೇಂದ್ರದಿಂದ ಬೆಂಗಳೂರಿನವರೆಗಿನ ಮುನ್ನೂರೈವತ್ತು ಚಿಲ್ಲರೆ ಕಿಲೋಮೀಟರ್. ಈ ವ್ಯವಹಾರದವರು ಇದನ್ನೇ ಬ್ಯಾಕ್‌ಹಾಲ್ ಎನ್ನುವುದು. ಲೆಕ್ಕ ಕಷ್ಟದ್ದಲ್ಲ. ರಾತ್ರಿ ಎಂಟು-ಒಂಬತ್ತರ ಹೊತ್ತಿಗೆ ಮನೆಯೊಂದಕ್ಕೆ ಸರಾಸರಿ ಎರಡೂವರೆ ಮೆಗಾಬಿಟ್ ಎಂದು ಹಿಡಿದರೂ ಸಾವಿರ ಚಂದಾದಾರರಿಗೆ 2.5 ಗಿಗಾಬಿಟ್ ಬೇಕು. ಯಂತ್ರಗಳ ಪೋರ್ಟ್‌ಗಳು ಸಾಮಾನ್ಯವಾಗಿ ಒಂದು ಗಿಗಾಬಿಟ್‌ನಿಂದ ನೇರ ಹತ್ತಕ್ಕೆ ಜಿಗಿಯುತ್ತವೆ. ಹಾಗಾಗಿ ಸಾವಿರ ಮನೆ ದಾಟಿದವರು ಕೇಳುವುದು ಹತ್ತು ಗಿಗಾಬಿಟ್‌ನ ಸಂಪರ್ಕವನ್ನೇ. ಅದೂ ಒಂದಿದ್ದರೆ ಸಾಲದು. ಬೇರೆ ರಸ್ತೆಯಲ್ಲಿ ಬರುವ ಇನ್ನೊಂದು ಇದ್ದರಷ್ಟೇ ರಾತ್ರಿ ನಿದ್ದೆ.

ಭಾರತ್‌ನೆಟ್ ಈ ಅಗತ್ಯಕ್ಕೆ ಏನು ಕೊಟ್ಟಿತು ನೋಡಿ. ಮೊದಲ ಹಂತದಲ್ಲಿ ಹೊಸದಾಗಿ ಹೂತ ಫೈಬರ್ ಬ್ಲಾಕ್ ಕೇಂದ್ರದಿಂದ ಪಂಚಾಯ್ತಿಗೆ. ಅದಕ್ಕಿಂತ ಮೇಲಿನ ದಾರಿಯನ್ನು ಸಂಸ್ಥೆಗಳು ಬೇರೆ ಕಡೆಯಿಂದ ತಂದುಕೊಳ್ಳಬೇಕು. ಪಂಚಾಯ್ತಿಗೆ ನಿಗದಿಯಾದದ್ದು 100 ಮೆಗಾಬಿಟ್. ಮೇಲಿನ ಲೆಕ್ಕದಲ್ಲಿ ನಲವತ್ತು ಮನೆಗೆ ಸಾಕು, ನಲವತ್ತೊಂದನೆಯವರು ಬಂದರೆ ಎಲ್ಲರ ವಿಡಿಯೊ ಸುತ್ತತೊಡಗುತ್ತದೆ. ಜೊತೆಗೆ ಆ ಫೈಬರ್ ಒಂದೇ ಸಾಲಿನಲ್ಲಿ ಸಾಗುತ್ತಿತ್ತು. ರಸ್ತೆ ಅಗಲ ಮಾಡುವ ಜೆಸಿಬಿಯ ಹಲ್ಲು ಒಂದು ಕಡೆ ತಗುಲಿದರೆ ಅದರಾಚೆಯ ಊರುಗಳೆಲ್ಲ ಒಟ್ಟಿಗೆ ಕತ್ತಲು. ತುಂಡಾದದ್ದನ್ನು ಬೆಸೆಯುವುದು ಸೂಕ್ಷ್ಮದ ಕೆಲಸ. ಕೆಸರು ತುಂಬಿದ ಗುಂಡಿಯ ಪಕ್ಕ ಕೂತು, ಕೊಡೆಯ ಅಡಿಯಲ್ಲಿ, ನೀಲಿ, ಕಿತ್ತಳೆ, ಹಸಿರು, ಕಂದು ಎಂದು ಬಣ್ಣ ನೋಡಿ ಎಳೆಗೆ ಎಳೆ ಹೊಂದಿಸಿ, ಕೂದಲೆಳೆಯಷ್ಟೇ ದಪ್ಪದ ಗಾಜಿನ ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದ ವಿದ್ಯುತ್ ಕಿಡಿಯಲ್ಲಿ ಕರಗಿಸಿ ಕೂಡಿಸಬೇಕು. ಆ ಕೆಲಸಕ್ಕೆ ಜನ ಎಷ್ಟು ಗಂಟೆಯಲ್ಲಿ ಬರುತ್ತಾರೆ ಎಂಬುದರ ಮೇಲೆ ಸಣ್ಣ ಸಂಸ್ಥೆಯ ಮರ್ಯಾದೆ ನಿಂತಿರುತ್ತದೆ. ತಿದ್ದುಪಡಿ ಯೋಜನೆ ಸಾಲಿನ ಬದಲು ಉಂಗುರದಂತೆ ಫೈಬರ್ ಸುತ್ತಿಸಲು ಹೊರಟಿದೆ; ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಹರಿಯುತ್ತದೆ. ಒಳ್ಳೆಯ ಬದಲಾವಣೆ, ಒಪ್ಪುತ್ತೇನೆ. ಆದರೆ ಈ ಉಂಗುರ ಯಾರಿಗೆ, ಯಾವ ದರಕ್ಕೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ.

ದರದ ಕಥೆ ಇನ್ನೂ ವಿಚಿತ್ರ. ದೇಶದೊಳಗಿನ ಲೀಸ್ಡ್ ಲೈನ್‌ಗಳಿಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2014ರಲ್ಲಿ ಗರಿಷ್ಠ ದರ ಗೊತ್ತು ಮಾಡಿತು. ಆದರೆ ಆ ಪಟ್ಟಿ ಎಸ್‌ಟಿಎಂ-4, ಅಂದರೆ 622 ಮೆಗಾಬಿಟ್‌ಗೆ ನಿಂತಿದೆ. ಇಂದು ಒಂದು ಸಾಧಾರಣ ತಾಲ್ಲೂಕಿನ ಸೇವಾದಾರರಿಗೆ ಬೇಕಿರುವುದು ಆ ಪಟ್ಟಿಯ ಕೊನೆಯ ಸಾಲನ್ನೂ ದಾಟಿದ್ದು. ಅಲ್ಲಿಂದಾಚೆಗೆ ಮಾರುವವರು ಹೇಳಿದ್ದೇ ಬೆಲೆ. ಮಾರುವವರಾದರೂ ಯಾರು? ಆ ದಾರಿಯಲ್ಲಿ ಫೈಬರ್ ಇರುವುದು ಎರಡೋ ಮೂರೋ ದೊಡ್ಡ ಕಂಪನಿಗಳಿಗೆ, ಮತ್ತು ಅವರೇ ಅದೇ ಊರಿನಲ್ಲಿ ಮನೆಮನೆಗೆ ನೆಟ್ ಮಾರುವವರು. ಎದುರಂಗಡಿಯವನಿಂದಲೇ ಸಗಟು ತಂದು ಚಿಲ್ಲರೆ ಮಾರಿ ಬದುಕು ಎಂದರೆ ಹೇಗೆ? ಇಲ್ಲಿ ಯಾರೂ ಕೆಟ್ಟವರಾಗಬೇಕಾಗಿಲ್ಲ. ತನ್ನ ಗಿರಾಕಿಯನ್ನು ಕಸಿಯುವವನಿಗೆ ಸೋವಿಯಲ್ಲಿ ಸರಕು ಕೊಡದಿರುವುದು ವ್ಯಾಪಾರದ ಸಹಜ ಬುದ್ಧಿ. ಅದಕ್ಕಾಗಿಯೇ ಸಾರ್ವಜನಿಕ ಹಣದ ಫೈಬರ್ ಅಲ್ಲಿ ಬೇಕಿರುವುದು: ತಾಲ್ಲೂಕು ಕೇಂದ್ರದಿಂದ ಬೆಂಗಳೂರಿನ ವಿನಿಮಯ ಕೇಂದ್ರದವರೆಗೆ, ಒಂದು ಮತ್ತು ಹತ್ತು ಗಿಗಾಬಿಟ್‌ನ ಪೋರ್ಟ್‌ಗಳಾಗಿ, ಇಲ್ಲವೇ ಬರಿಯ ಡಾರ್ಕ್ ಫೈಬರ್, ಅಂದರೆ ಇನ್ನೂ ಬೆಳಗಿಸದ ಎಳೆಯಾಗಿ, ಎಲ್ಲರಿಗೂ ಕಾಣುವಂತೆ ಪ್ರಕಟಿಸಿದ ಒಂದೇ ದರದಲ್ಲಿ.

ಇದು ಆಗಹೋಗದ ಮಾತೇನಲ್ಲ. ಬ್ರೆಜಿಲ್‌ನ ನಿಯಂತ್ರಣ ಸಂಸ್ಥೆ 2012ರಲ್ಲಿ ದೊಡ್ಡ ಕಂಪನಿಗಳು ಸಗಟು ಸಂಪರ್ಕದ ದರ ಮತ್ತು ಷರತ್ತುಗಳನ್ನು ಬಹಿರಂಗಪಡಿಸಲೇಬೇಕೆಂದು ಕಟ್ಟು ಮಾಡಿತು. ಇವತ್ತು ಆ ದೇಶದ ಸ್ಥಿರ ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಸಣ್ಣ ಪ್ರಾದೇಶಿಕ ಸೇವಾದಾರರ ಕೈಯಲ್ಲಿ. ಈ ಒಂದು ನಿಯಮದಿಂದಲೇ ಅಷ್ಟೆಲ್ಲ ಆಯಿತೆಂದು ನಾನು ಹೇಳುವುದಿಲ್ಲ. ಅಲ್ಲಿ ವಿನಿಮಯ ಕೇಂದ್ರಗಳೂ ಊರೂರಿಗೆ ಹರಡಿದವು. ಹತ್ತಿರದ ಉದಾಹರಣೆ ಬೇಕೆಂದರೆ ಕೇರಳ: 2023ರ ಜೂನ್‌ನಲ್ಲಿ ಉದ್ಘಾಟನೆಯಾದ ಕೆ-ಫೋನ್ ಅಲ್ಲಿನ ವಿದ್ಯುತ್ ಮಂಡಳಿಯ ಮಾರ್ಗಗಳ ಮೇಲೆ ಫೈಬರ್ ಹಾಯಿಸಿ, ಸ್ಥಳೀಯ ಕೇಬಲ್ ಆಪರೇಟರ್‌ಗಳ ಮೂಲಕ ಮನೆ ಮುಟ್ಟುತ್ತಿದೆ. ರೈಲು ಹಳಿಗಳ ಪಕ್ಕದಲ್ಲಿ ಫೈಬರ್ ಹೂತ ರೈಲ್‌ಟೆಲ್ ಕೂಡ ರೈಲ್‌ವೈರ್ ಹೆಸರಿನಲ್ಲಿ ಇಂಥ ಜೋಡಿ ವ್ಯವಹಾರ ನಡೆಸುತ್ತಿದೆ. ನಮ್ಮ ಕೆಪಿಟಿಸಿಎಲ್‌ನ ಪ್ರಸರಣ ಗೋಪುರಗಳ ನೆತ್ತಿಯ ಮೇಲೆ ಹಾದುಹೋಗುವ ನೆಲತಂತಿಯೊಳಗೂ ಫೈಬರ್ ಇದೆ. ಜೆಸಿಬಿ ಮುಟ್ಟಲಾರದ ಎತ್ತರದಲ್ಲಿರುವ ಆ ಎಳೆಗಳನ್ನು ಬಳಸಿಕೊಳ್ಳುವ ಬಗ್ಗೆ ರಾಜ್ಯ ಸರ್ಕಾರ ಯೋಚಿಸಬಾರದೇಕೆ?

ಫೈಬರ್ ಹೋಗದ ಕಡೆ ರೇಡಿಯೊ ಇದೆ ಎನ್ನುವವರಿದ್ದಾರೆ. ಇದೆ, ಆದರೆ ಕೈಗೆಟುಕುವಂತೆ ಇಟ್ಟಿಲ್ಲ. 2018ರಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯಲ್ಲಿ 605 ಮೆಗಾಹರ್ಟ್ಸ್ ಲೈಸೆನ್ಸ್‌ಮುಕ್ತವಾದದ್ದು ಹಳ್ಳಿಯ ಸೇವಾದಾರರಿಗೆ ನಿಜಕ್ಕೂ ಉಪಕಾರವಾಯಿತು. ಆದರೆ ಅದು ಕೆಲವು ನೂರು ಮೆಗಾಬಿಟ್‌ನ ಮಾತು. ಗಿಗಾಬಿಟ್‌ಗಟ್ಟಲೆ ಸಾಗಿಸುವ ಇ-ಬ್ಯಾಂಡ್, ವಿ-ಬ್ಯಾಂಡ್‌ಗಳನ್ನು ಸುಲಭ ಶುಲ್ಕಕ್ಕೆ ತೆರೆಯಿರಿ ಎಂದು ಟ್ರಾಯ್ 2014ರಲ್ಲೇ ಶಿಫಾರಸು ಮಾಡಿತ್ತು. 2022ರಲ್ಲಿ ಇ-ಬ್ಯಾಂಡ್ ಮೊಬೈಲ್ ಕಂಪನಿಗಳಿಗೆ ಸಿಕ್ಕಿತು. 2025ರ ಜುಲೈನಲ್ಲಿ ಟ್ರಾಯ್ ಮತ್ತೆ ಅದೇ ಬ್ಯಾಂಡ್‌ಗಳ ಬಗ್ಗೆ ಶಿಫಾರಸು ಕಳಿಸಬೇಕಾಯಿತು. ವಿ-ಬ್ಯಾಂಡಿನ 60 ಗಿಗಾಹರ್ಟ್ಸ್ ಅಲೆಯನ್ನು ಗಾಳಿಯಲ್ಲಿನ ಆಮ್ಲಜನಕವೇ ನುಂಗಿಹಾಕುತ್ತದೆ, ಹೆಚ್ಚು ದೂರ ಹೋಗುವುದೇ ಇಲ್ಲ. ಪಕ್ಕದವರಿಗೆ ಅಡ್ಡಿಯಾಗದ ಇಂಥ ಅಲೆಗೆ ಅಮೆರಿಕದಲ್ಲಿ ಲೈಸೆನ್ಸೇ ಬೇಡ. ಹಾಗೆಂದು ರೇಡಿಯೊ ಎಲ್ಲ ಕಡೆಗೂ ಮದ್ದಲ್ಲ. ಆಗುಂಬೆಯ ಮಳೆಯಲ್ಲಿ ಇ-ಬ್ಯಾಂಡ್ ಕಿಲೋಮೀಟರ್ ದಾಟಲೂ ಏದುಸಿರು ಬಿಡುತ್ತದೆ. ವಿಜಯಪುರದ ಬಯಲಿನಲ್ಲಿ ಅದೇ ಉಪಕರಣ ವರ್ಷದ ಬಹುಪಾಲು ದಿನ ಚೆನ್ನಾಗಿ ದುಡಿಯುತ್ತದೆ. ಮಲೆನಾಡಿಗೆ ಫೈಬರ್, ಬಯಲುಸೀಮೆಗೆ ಎರಡೂ ಎಂದು ಯೋಜಿಸಿದರೆ ಸಾಕು.

ಇದಕ್ಕೆಲ್ಲ ಬರುವ ಮೊದಲ ಆಕ್ಷೇಪ, ಬಿಎಸ್‌ಎನ್‌ಎಲ್‌ನ ಆದಾಯಕ್ಕೆ ಕಲ್ಲು ಬೀಳುತ್ತದೆ ಎಂಬುದು. ಈ ಫೈಬರ್‌ನ ಹಣ ಬಂದಿರುವುದು ದೂರಸಂಪರ್ಕ ಕಂಪನಿಗಳ ಹೊಂದಾಣಿಕೆಯಾದ ಒಟ್ಟು ವರಮಾನದ ಮೇಲಿನ ಶೇ 5ರ ಸುಂಕದಿಂದ, ಈಗ ಡಿಜಿಟಲ್ ಭಾರತ್ ನಿಧಿ ಎಂದು ಹೆಸರಾದ ಖಾತೆಯಿಂದ. ಕೊನೆಗೆ ಅದನ್ನು ತೆತ್ತವರು ಬಿಲ್ ಕಟ್ಟುವ ಗಿರಾಕಿಗಳು. 24 ಎಳೆಯ ಕೇಬಲ್ ಹೂತು ಕೆಲವೇ ಎಳೆ ಬೆಳಗಿಸಿದರೆ ಮಿಕ್ಕವು ಒಂದು ಪೈಸೆ ದುಡಿಯುವುದಿಲ್ಲ. ಬಾಡಿಗೆಗೆ ಕೊಟ್ಟ ಎಳೆಯಿಂದ ಬರುವುದು ಬಿಎಸ್‌ಎನ್‌ಎಲ್‌ಗೆ ಹೊಸ ಆದಾಯವೇ. ಸ್ಥಳೀಯರನ್ನು ಭಾರತ್‌ನೆಟ್ ಉದ್ಯಮಿಗಳಾಗಿ ಸೇರಿಸಿಕೊಂಡಿದ್ದೇವಲ್ಲ ಎಂಬ ಉತ್ತರವೂ ಇದೆ. ಉದ್ಯಮಿ ಎಂದು ಕರೆದರೂ ಅವರ ಸ್ಥಾನ ಏಜೆಂಟರದ್ದು: ಬೆಲೆ, ಪ್ಲ್ಯಾನ್, ಮೇಲಿನ ದಾರಿ ಯಾವುದೂ ಅವರ ಕೈಯಲ್ಲಿಲ್ಲ. 5ಜಿ ಮನೆ ಸಂಪರ್ಕ ಮತ್ತು ಉಪಗ್ರಹ ಬಂದಮೇಲೆ ಇದೆಲ್ಲ ಯಾಕೆ ಎನ್ನುವವರು, 5ಜಿ ಟವರಿನ ಬುಡಕ್ಕೂ ಇದೇ ಫೈಬರ್ ಬೇಕೆಂಬುದನ್ನು ಮರೆತಿರುತ್ತಾರೆ. ಉಪಗ್ರಹವು ಕಾಡಿನ ಒಂಟಿ ಮನೆಗೆ ಸರಿ, ಎಂಟುನೂರು ಮನೆಯ ಊರು ಒಟ್ಟಿಗೆ ಕ್ರಿಕೆಟ್ ನೋಡುವ ರಾತ್ರಿಗೆ ಅಲ್ಲ. ಒಂದು ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು: ಸಣ್ಣವರ ಕೇಬಲ್‌ಗಳು ವಿದ್ಯುತ್ ಕಂಬಗಳಿಗೆ ಗೋಜಲಾಗಿ ಜೋತುಬಿದ್ದಿವೆ, ದೂರು ಕೊಟ್ಟರೆ ಕೆಲವರು ಫೋನೇ ಎತ್ತುವುದಿಲ್ಲ. ಸಗಟು ದರದ ಅನುಕೂಲ ಬೇಕೆಂದರೆ ಕಂಬದ ಬಾಡಿಗೆ ಕಟ್ಟಬೇಕು, ದುರಸ್ತಿಯ ಅವಧಿಗೆ ಬದ್ಧರಾಗಬೇಕು ಎಂಬ ಷರತ್ತು ಹಾಕಲಿ. ಅದರಲ್ಲಿ ಅನ್ಯಾಯವೇನೂ ಇಲ್ಲ.

ಈ ಮಾತು ಈಗಲೇ ಯಾಕೆಂದರೆ, ತಿದ್ದುಪಡಿ ಯೋಜನೆಯ ಗುತ್ತಿಗೆಗಳಲ್ಲಿ ನಿರ್ಮಾಣಕ್ಕೆ 3 ವರ್ಷ, ಆಮೇಲಿನ ನಿರ್ವಹಣೆಗೆ 10 ವರ್ಷ ಎಂದಿದೆ. ಕಡಿದ ಫೈಬರನ್ನು ಎಷ್ಟು ಗಂಟೆಯೊಳಗೆ ಬೆಸೆಯಬೇಕು, ತಪ್ಪಿದರೆ ದಂಡವೆಷ್ಟು ಎಂಬುದು ಬಿಎಸ್‌ಎನ್‌ಎಲ್ ಮತ್ತು ಗುತ್ತಿಗೆದಾರರ ನಡುವಿನ ಕಾಗದದಲ್ಲಿ ಉಳಿದರೆ ಸಾಲದು. ಪೋರ್ಟ್ ಬಾಡಿಗೆಗೆ ಪಡೆದವರ ಕರಾರಿನಲ್ಲೂ ಅದು ಬರಬೇಕು. ಬೆಂಗಳೂರಿನವರೆಗಿನ ಹತ್ತು ಗಿಗಾಬಿಟ್ ಪೋರ್ಟ್‌ನ ತಿಂಗಳ ಬಾಡಿಗೆ ಇಷ್ಟು ಎಂದು ಪ್ರತಿ ತಾಲ್ಲೂಕಿನ ದೂರವಾಣಿ ವಿನಿಮಯ ಕೇಂದ್ರದ ಬಾಗಿಲಿಗೆ ಒಂದು ಹಾಳೆ ಅಂಟಿಸಲು ಬಿಎಸ್‌ಎನ್‌ಎಲ್‌ಗೆ ಇರುವ ಅಡ್ಡಿ ಏನು ಎಂಬುದನ್ನು ದೂರಸಂಪರ್ಕ ಇಲಾಖೆ ಈ ಪತ್ರಿಕೆಯ ಮೂಲಕವೇ ತಿಳಿಸಲಿ.

ಇತಿ,
ಒಬ್ಬ ಓದುಗ
ಶಿವಮೊಗ್ಗ ಜಿಲ್ಲೆ